ಎತ್ತಿದ ಮಚ್ಚಿಗೆಲ್ಲ ಹಾಫ್ ಮರ್ಡರ್ ಕೇಸಾ?

ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು. ದೂರದ ಸಂಬಂಧಿಯೊಬ್ಬರು ಬಾಗಿಲಿಗೆ ಬಂದರು. ಬದುವಿನ ಜಗಳ. ಪಕ್ಕದ ತೋಟದವನು ಮಚ್ಚು ಎತ್ತಿದನಂತೆ.

"ಬೀಸಿದನಾ?"

"ಇಲ್ಲ. ಎತ್ತಿದ, ಬೈದ, ಹೋದ. ಅದೆಲ್ಲ ಯಾಕೆ ಮಾರಾಯ, ಹಾಫ್ ಮರ್ಡರ್ ಹಾಕಿಸು."

ಹಾಕಿಸು! ಹೋಟೆಲಲ್ಲಿ ಇನ್ನೊಂದು ಸೌಟು ಸಾಂಬಾರ್ ಹಾಕಿಸಿದ ಹಾಗೆ.

ನಾನು ವಕೀಲನಾಗಿ ಕರಿಕೋಟು ಹಾಕಿ ಎಷ್ಟೋ ವರ್ಷ ಆಯ್ತು. ಅಷ್ಟೂ ವರ್ಷ ಇದೇ ರಾಗ. ಹಾಫ್ ಮರ್ಡರ್ ಅಂದ್ರೆ ಕೊಲೆಯತ್ನ. ಊರಿನ ಬಾಯಲ್ಲಿ ಅದು ಇನ್ನೂ ಹಳೇ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 307. 2024ರ ಜುಲೈ 1ರಿಂದ, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 109. ನಂಬರ್ ಬದಲಾಯಿತು, ಒಳಗಿನ ಉದಾಹರಣೆ ಬದಲಾಗಿಲ್ಲ. ಒಬ್ಬನನ್ನು ಕೊಲ್ಲಬೇಕು ಅಂತಲೇ ಇನ್ನೊಬ್ಬ ಬಂದೂಕು ಕೊಂಡು, ಗುಂಡು ತುಂಬಿಟ್ಟಿದ್ದಾನೆ. ಕೊಲೆಯತ್ನ ಆಯ್ತಾ? ಇನ್ನೂ ಇಲ್ಲ. ಅವನ ಮೇಲೆ ಹಾರಿಸಿದ ಕೂಡಲೇ ಆಯ್ತು. ಗುಂಡು ತಪ್ಪಿ ಮರಕ್ಕೆ ಬಿದ್ದರೂ ಆಯ್ತು, ಗಾಯ ಆಗಲೇಬೇಕಂತಿಲ್ಲ. ಆದರೆ ಕೊಲ್ಲುವ ಮನಸ್ಸೂ ಬೇಕು, ಆ ಮನಸ್ಸಿನಿಂದ ಮಾಡಿದ ಕೆಲಸವೂ ಬೇಕು.

ಮನಸ್ಸನ್ನು ಯಾರು ನೋಡಿದ್ದಾರೆ? ಸುತ್ತಲಿನದನ್ನು ನೋಡಿಯೇ ಹೇಳಬೇಕು. ಎಷ್ಟು ಹತ್ತಿರ ಇದ್ದ, ಏನು ಅಂದ, ಮಚ್ಚು ಮನೆಯಿಂದ ತಂದನೋ ಕೆಲಸಕ್ಕೆ ಅಂತ ಕೈಯಲ್ಲೇ ಇತ್ತೋ, ಯಾರಾದರೂ ಹಿಡಿದುಕೊಂಡರೋ ಇಲ್ಲ ತಾನೇ ನಿಂತನೋ. ಈ ಕೊನೆಯದನ್ನು ಯಾವ ದೂರಿನಲ್ಲೂ ಬರೆಸುವುದಿಲ್ಲ! "ಕೊಲೆ ಮಾಡುವ ಉದ್ದೇಶದಿಂದ" ಅಂತ ಮೊದಲ ಸಾಲಲ್ಲೇ ಬರುತ್ತೆ. ಹೊಡೆಯೋಕೆ ಎಲ್ಲ ಅವಕಾಶ ಇದ್ದೂ ಯಾಕೆ ಹೊಡೆಯಲಿಲ್ಲ ಅಂತ ಪಾಟೀಸವಾಲಿನಲ್ಲಿ ಕೇಳಿದರೆ ಸಾಕ್ಷಿ ಚಾವಣಿ ನೋಡ್ತಾನೆ.

"ಹಾಗಾದ್ರೆ ತಲೆ ಹೋಗೋವರೆಗೂ ಕಾಯಬೇಕಾ?" ಅಂತ ಕಾಮೆಂಟ್ ಹಾಕೋರು ಬರ್ತೀರಿ, ಗೊತ್ತು. ಬೇಡ ಸ್ವಾಮಿ. ಎತ್ತಿದ್ದೂ ಅಪರಾಧವೇ. ಮುಷ್ಟಿ ತೋರಿಸಿ ಹೆದರಿಸಿದರೂ, ಕಚ್ಚುವ ನಾಯಿಯ ಬಾಯಿಪಟ್ಟಿ ಬಿಚ್ಚೋಕೆ ಹೊರಟರೂ ಹಲ್ಲೆಯೇ ಅಂತ 130ನೇ ಸೆಕ್ಷನ್ನಿನಲ್ಲಿ ಬರೆದಿದೆ. ಅದಕ್ಕೆ ಮೂರು ತಿಂಗಳವರೆಗೆ ಜೈಲು. ಕೊಲ್ತೀನಿ ಅಂತ ಬೆದರಿಸಿದ್ದರೆ 351ರಲ್ಲಿ ಏಳು ವರ್ಷದವರೆಗೂ ಇದೆ. ಸಾಲದಾ? ಸಾಲಲ್ಲ. ಯಾಕಂದ್ರೆ ಬೇಕಾಗಿರೋದು ನ್ಯಾಯ ಅಲ್ಲ, ಅವನು ಬೇಲ್‌ಗೆ ಅಲೆಯೋದನ್ನು ನೋಡೋ ಸುಖ.

ಬರೀಬಾರದು ಅಂತಿದ್ದೆ, ಬರೀತೀನಿ. ಪಂಪ್‌ಸೆಟ್ ಸರದಿಯ ಜಗಳದಲ್ಲಿ ಒಂದು ಸಲ ನಾನೇ ನಮ್ಮಣ್ಣನ ಮೇಲೆ ಮಚ್ಚು ಎತ್ತಿದ್ದೆ. ಎಳನೀರು ಕೆತ್ತುವ ಮಚ್ಚು. ಅಮ್ಮ ಅಡುಗೆಮನೆಯಿಂದ, "ಅದನ್ನ ಇಲ್ಲಿ ಕೊಡೋ, ಕಾಯಿ ಒಡೀಬೇಕು" ಅಂದರು. ಕೊಟ್ಟೆ. ಆ ಕ್ಷಣ ಮನಸ್ಸಲ್ಲಿ ಏನಿತ್ತು ಅಂತ ಇವತ್ತು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೂ ನನಗೆ ಗೊತ್ತಿಲ್ಲ. ಅಣ್ಣ ಮಾತ್ರ ಈಗಲೂ ಎಳನೀರು ತಾನೇ ಕೆತ್ತುತ್ತಾನೆ, ನನ್ನ ಕೈಗೆ ಮಚ್ಚು ಕೊಡಲ್ಲ.

ನೆಂಟರಿಗೆ ನಡೆದಷ್ಟನ್ನೇ ದೂರು ಬರೆದುಕೊಟ್ಟೆ. ಮುಖ ಊದಿಸಿಕೊಂಡು ಹೊರಟರು. ಮೆಟ್ಟಿಲಿಳಿದವರು ತಿರುಗಿ ಬಂದು ಮೆಲ್ಲಗೆ ಕೇಳಿದರು: "ಅವನಿಗಿಂತ ಮೊದಲು ನಾನು ಗುದ್ದಲಿ ಎತ್ತಿದ್ದೆ. ಅದೇನೂ ಬರೆಯೋದು ಬೇಡ, ಅಲ್ವಾ?"