ಬೆಣ್ಣೆ ದೋಸೆ ಊರಲ್ಲಿ 300 ರೂಪಾಯಿ ಬರ್ಗರ್ ಬೇಕಾ?

ಪರ: ಬೇಕು, ಆರಾಮಾಗಿ ಕೂತು ತಿನ್ನೋಕೆ

ಬರ್ಗರ್ ನಮ್ಮದಲ್ಲ ಅನ್ನುವ ಮಾತು ದಾವಣಗೆರೆಯಲ್ಲಿ ಜಾಸ್ತಿ ಕೇಳುತ್ತದೆ. ಹಾಗಾದರೆ ಮಿರ್ಚಿಯ ಮೆಣಸಿನಕಾಯಿ ಯಾರದು? ಬೆಣ್ಣೆ ದೋಸೆ ಜೊತೆ ಕೊಡುವ ಪಲ್ಯದ ಆಲೂಗಡ್ಡೆ ಯಾರದು? ಜಿಲ್ಲೆಯ ಹೊಲಗಳಲ್ಲೆಲ್ಲ ನಿಂತಿರುವ ಮೆಕ್ಕೆಜೋಳ ಯಾರದು? ಮೂರೂ ಅಮೆರಿಕ ಖಂಡದಿಂದ ಬಂದವು. ಯಾರೂ ಅವನ್ನು ತಟ್ಟೆಯಿಂದ ಎತ್ತಿಟ್ಟಿಲ್ಲ. ಅದೇ ಮೆಕ್ಕೆಜೋಳ ಕೋಳಿಗೆ ಮೇವಾಗುತ್ತದೆ, ಆ ಕೋಳಿಯೇ ಬರ್ಗರ್‌ಗೂ ಹೋಗುತ್ತದೆ.

ಬನ್ನಿನೊಳಗೆ ಏನೋ ಒಂದು ತುರುಕಿ ಕೊಡುತ್ತಾರೆ ಅನ್ನುವವರು ಒಳ್ಳೆ ಬರ್ಗರ್ ಮಾಡುವುದನ್ನು ಒಮ್ಮೆ ನಿಂತು ನೋಡಲಿ. ಕೀಮಾವನ್ನು ಹೆಚ್ಚು ನಾದುವುದಿಲ್ಲ, ನಾದಿದರೆ ಗಟ್ಟಿಯಾಗುತ್ತದೆ. ಚೆನ್ನಾಗಿ ಕಾದ ಕಬ್ಬಿಣದ ಕಾವಲಿಗೆ ಹಾಕಿ ಒತ್ತುತ್ತಾರೆ. ಚುರ್ ಅಂತ ನೀರು ಆರುತ್ತದೆ, ಅಂಚು ಕೆಂಪಾಗಿ ಗರಿ ಕಟ್ಟುತ್ತದೆ. ನಮ್ಮ ದೋಸೆಯ ತಳ ಕೆಂಪಾಗುವುದೂ ಹೀಗೇ ಅಲ್ವಾ, ರುಚಿ ಇರುವುದೇ ಅಲ್ಲಿ. ಬನ್ನನ್ನು ಸೀಳಿ, ಒಳಮೈಗೆ ಬೆಣ್ಣೆ ಸವರಿ ಸುಡುತ್ತಾರೆ. ಇಲ್ಲದಿದ್ದರೆ ಸಾಸ್ ಹೀರಿಕೊಂಡು ಮೆತ್ತಗಾಗುತ್ತದೆ. ಕೋಳಿ ಕೀಮಾ ಒಳಗಿನವರೆಗೂ 74 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು, ಯಾಕೆಂದರೆ ಅರೆಯುವಾಗ ಮೇಲಿದ್ದ ಸೂಕ್ಷ್ಮಜೀವಿಗಳು ಒಳಗೂ ಸೇರಿರುತ್ತವೆ. ಇದಕ್ಕೆಲ್ಲ ಕೈ ಪಳಗಿರಬೇಕು. ಪಳಗಿದ ಕೈಗೆ ದುಡ್ಡು ಕೊಡುವುದು ದಂಡ ಅಲ್ಲ.

ಆದರೆ ನನಗೆ ಇದೆಲ್ಲಕ್ಕಿಂತ ದೊಡ್ಡ ಕಾರಣ ಕುರ್ಚಿ. ದೋಸೆ ಹೋಟೆಲಿನಲ್ಲಿ ನಾವು ತಿನ್ನುತ್ತಿರುವಾಗಲೇ ಇನ್ನೊಬ್ಬರು ಬೆನ್ನ ಹಿಂದೆ ಬಂದು ನಿಂತಿರುತ್ತಾರೆ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಏಳಬೇಕು. ಗಂಡಸರು ಹೊರಗೆ ಬಂದು ಟೀ ಅಂಗಡಿ ಮುಂದೆ ಮಾತು ಮುಂದುವರಿಸುತ್ತಾರೆ. ಹೆಂಗಸರು ಎಲ್ಲಿ ನಿಲ್ಲಬೇಕು?

ಅಮ್ಮ ರಿಟೈರ್ ಆದ ಮೇಲೆ ಒಂದು ಮಧ್ಯಾಹ್ನ ಅವರನ್ನು ವಿದ್ಯಾನಗರದ ಕಡೆಯ ಒಂದು ಬರ್ಗರ್ ಹೋಟೆಲಿಗೆ ಕರೆದುಕೊಂಡು ಹೋದೆ. ಅಮ್ಮ ಅಷ್ಟೆತ್ತರದ ಬರ್ಗರನ್ನು ಸುತ್ತ ತಿರುಗಿಸಿ ನೋಡಿ, "ಏನವ್ವಾ, ಇದನ್ನ ಹೆಂಗ್ ತಿನ್ನೋದು?" ಅಂದರು. ಎರಡು ಭಾಗ ಮಾಡಿ ಕಾಗದ ಸುತ್ತಿ ಕೊಟ್ಟೆ. ನಿಧಾನಕ್ಕೆ ತಿಂದರು. ಯಾರೂ ಎಬ್ಬಿಸಲಿಲ್ಲ. ಆಮೇಲೆ ಮಾತಿಗೆ ಶುರು ಮಾಡಿದರು. ಅಜ್ಜ ಕಾಟನ್ ಮಿಲ್ಲಿನ ಕೆಲಸ ಕಳೆದುಕೊಂಡು ಮನೆಗೆ ಬಂದ ದಿನ, ಅಜ್ಜಿ ಯಾರಿಗೂ ಹೇಳದೆ ಬಳೆ ಅಡವಿಟ್ಟಿದ್ದು, ಅಮ್ಮನ ಕಾಲೇಜು ಫೀಸು ಅದರಿಂದಲೇ ಕಟ್ಟಿದ್ದು. ಇದೊಂದೂ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಕೂತು ಮಾತಾಡಿದ್ದು ಯಾವಾಗ? ಮಾತಿನ ನಡುವೆ ಕುಕ್ಕರ್ ಕೂಗುತ್ತದೆ, ಯಾರೋ ನೀರು ಕೇಳುತ್ತಾರೆ, ಅವರು ಎದ್ದು ಹೋಗುತ್ತಾರೆ. ಅವತ್ತಿನ ಬಿಲ್ಲಿನ ಬಗ್ಗೆ ನನಗೆ ಒಂದು ರೂಪಾಯಿಯಷ್ಟೂ ಬೇಸರವಿಲ್ಲ. ಹೆಂಗಸರು ಬೇರೆಯವರ ಕೈಯಡುಗೆ ತಿಂದು, ತಟ್ಟೆ ತೊಳೆಯುವ ಚಿಂತೆ ಇಲ್ಲದೆ ಕೂರುವ ಜಾಗಗಳು ಈ ಊರಿಗೆ ಇನ್ನೂ ಬೇಕು.

ವಿರೋಧ: ಬಿಲ್ಲು ಜಾಸ್ತಿ, ಮಾಹಿತಿ ಕಡಿಮೆ

ಬರ್ಗರ್ ನನಗೆ ಸೇರುವುದಿಲ್ಲ ಅಂತೇನಿಲ್ಲ. ಮಗಳ ಜೊತೆ ತಿಂದಿದ್ದೇನೆ, ಚೆನ್ನಾಗಿತ್ತು. ವಿರೋಧದ ಕಡೆ ಬರೆಯಿರಿ ಅಂದರು. ಬರೆಯಲು ಕಾರಣಗಳಂತೂ ಇವೆ.

ಮೊದಲನೆಯದು ದುಡ್ಡು. ಬರ್ಗರ್, ಫ್ರೈಸ್, ಕುಡಿಯಲು ಏನಾದರೂ ತಗೊಂಡರೆ ಒಬ್ಬರಿಗೆ 500 ರೂಪಾಯಿ ಹತ್ತಿರ ಆಗುತ್ತದೆ. ಅದರ ಮೇಲೆ ಶೇ. 5 ಜಿಎಸ್‌ಟಿ. ನಾಲ್ಕು ಜನರ ಮನೆಯವರು ಹೋದರೆ ಲೆಕ್ಕ ಹಾಕಿ. ಆ ದುಡ್ಡಲ್ಲಿ ಇಡೀ ಮನೆಗೆ ಮಂಡಕ್ಕಿ ಮಿರ್ಚಿ ಎಷ್ಟು ಸಂಜೆ ಆಗುತ್ತದೆ! ಮಾತಾಡಲು ಕುರ್ಚಿ ಬೇಕು ಅನ್ನುವುದಾದರೆ ಕುಂದುವಾಡ ಕೆರೆ ಏರಿ ಇದೆ. ಹರಟೆಗೆ ಬಾಡಿಗೆ ಕೊಡಬೇಕಾಗಿಲ್ಲ.

ಎರಡನೆಯದು ನನಗೆ ನಿಜವಾಗಿ ಬೇಸರ ತಂದ ವಿಷಯ. ಮಗಳ ಕಡೆಯ ಬೀಗರು ಊರಿಂದ ಬಂದಿದ್ದರು. ಮಕ್ಕಳ ಹಟಕ್ಕೆ ಎಲ್ಲರೂ ಒಂದು ಬರ್ಗರ್ ಹೋಟೆಲಿಗೆ ಹೋದೆವು. ಬೀಗರು ಮೊಟ್ಟೆಯನ್ನೂ ಮುಟ್ಟದವರು. ಹಸಿರು ಚುಕ್ಕೆ ನೋಡಿಯೇ ಪನೀರ್ ಬರ್ಗರ್ ಹೇಳಿದೆವು. ಬನ್ನು ಹೊಳೆಯುತ್ತಿತ್ತು. ಬೀಗರ ಹೆಂಡತಿಗೆ ಅನುಮಾನ ಬಂತು. "ಅಣ್ಣಾರೆ, ಇದಕ್ಕೆ ಮೊಟ್ಟೆ ಹಾಕ್ತಾರಾ?" ಅಂತ ನನ್ನನ್ನೇ ಕೇಳಿದರು. ಬಡಿಸುವ ಹುಡುಗನಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಕೇಳಿ ಬಂದು, "ಹೌದು ಸಾರ್, ಬ್ರಿಯೋಶ್ ಬನ್ನು" ಅಂದ. ಬ್ರಿಯೋಶ್ ಹಿಟ್ಟಿಗೆ ಬೆಣ್ಣೆ, ಮೊಟ್ಟೆ ಎರಡೂ ಬೀಳುತ್ತವೆ. ಒಳಗೆ ಸವರುವ ಮೆಯೋನೀಸ್ ಸಾಸ್ ಕೂಡ ಮೂಲದಲ್ಲಿ ಮೊಟ್ಟೆಯದೇ. ಮೊಟ್ಟೆಯಿಲ್ಲದ್ದೂ ಸಿಗುತ್ತದೆ, ಆದರೆ ಕೇಳದೆ ಗೊತ್ತಾಗುವುದು ಹೇಗೆ? ಪುಣ್ಯಕ್ಕೆ ಅವರಿನ್ನೂ ಬಾಯಿಗೆ ಇಟ್ಟಿರಲಿಲ್ಲ. ಇಬ್ಬರೂ ನಿಂಬೆ ಸೋಡಾ ಕುಡಿದು ಸುಮ್ಮನೆ ಕೂತರು. ಮನೆಗೆ ಬಂದ ನೆಂಟರನ್ನು ಹಾಗೆ ಕೂರಿಸಿದ ಸಂಕಟ ಈಗಲೂ ಇದೆ.

ಕೊನೆಗೆ ಬಂದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ ಸೇರಿಸಿದ್ದರು. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಕೊಡುವುದು, ಬಿಡುವುದು ಗಿರಾಕಿಯ ಇಷ್ಟ. ಹೋಗುವವರು ಹೋಗಲಿ, ಬನ್ನಿಗೆ ಮೊಟ್ಟೆ ಬಿದ್ದಿದೆಯಾ ಅಂತ ಆರ್ಡರ್ ಕೊಡುವ ಮೊದಲೇ ಕೇಳಲಿ. ಬಿಲ್ಲು ಬಂದಾಗ ಸರ್ವಿಸ್ ಚಾರ್ಜಿನ ಸಾಲನ್ನು ತೆಗೆಸಲಿ.