ಬಿಪಿ ಮಾತ್ರೆ ಬಿಟ್ಟರೆ ಉದುರಿದ ಕೂದಲು ಬರುವುದಿಲ್ಲ
‘ಬಿಪಿ ಏರಿದರೆ ನೆತ್ತಿಗೆ ರಕ್ತ ಹೋಗದೆ ಕೂದಲು ಉದುರುತ್ತದೆ, ಮಾತ್ರೆ ಬಿಟ್ಟರೆ ಮತ್ತೆ ಬರುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವ ಮಾತು ತಪ್ಪು, ಅಪಾಯಕಾರಿ ಕೂಡ. ಗಂಡಸರ ಬೋಳುತಲೆಗೆ ಮುಖ್ಯ ಕಾರಣ ವಂಶವಾಹಿ ಮತ್ತು ಡಿಎಚ್‌ಟಿ ಎಂಬ ಗಂಡು ಹಾರ್ಮೋನು. ಅದು ಹಣೆಯ ಇಕ್ಕೆಲ ಮತ್ತು ನೆತ್ತಿಯ ಕೂದಲ ಬುಡವನ್ನು ಕುಗ್ಗಿಸುತ್ತದೆ; ಹಿಂದಲೆಯ ಬುಡಗಳಿಗೆ ಅದು ಅಷ್ಟಾಗಿ ತಟ್ಟದು, ಅಲ್ಲಿನ ಕೂದಲು ಉಳಿಯುವುದು ಅದಕ್ಕೇ.

ಬಿಪಿಯ ಕಾರಣಗಳೇ ಬೇರೆ: ಉಪ್ಪು, ಬೊಜ್ಜು, ಮದ್ಯ, ವಯಸ್ಸು, ಕಿಡ್ನಿ ತೊಂದರೆ, ದಿನಾ ನುಂಗುವ ನೋವಿನ ಮಾತ್ರೆ. ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ ದಿನದ ಉಪ್ಪು 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚ ದಾಟಬಾರದು.

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆಗಳಿಂದ ಅಪರೂಪಕ್ಕೆ ತಲೆಯಿಡೀ ಕೂದಲು ತೆಳುವಾಗುವುದುಂಟು. ಹಾಗೆಂದು ದಿಢೀರನೆ ಬಿಟ್ಟರೆ ಎದೆನೋವು, ಹೃದಯಾಘಾತವೂ ಆಗಬಹುದು. ದಯವಿಟ್ಟು ವೈದ್ಯರಿಗೆ ಹೇಳಿ, ಅವರೇ ಮಾತ್ರೆ ಬದಲಿಸಲಿ.