ಟಿ-ಶರ್ಟ್ ತೊಟ್ಟಿದ್ದಕ್ಕೂ ಮೌಖಿಕ ಪರೀಕ್ಷೆಯೇ?

"ಮೇಡಂ, ಆ ಬ್ಯಾಂಡಿನ ಮೂರು ಹಾಡು ಹೇಳಿ, ನೋಡೋಣ."

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಕಪ್ಪು ಟಿ-ಶರ್ಟಿನ ಮೇಲೆ ಒಂದು ತಲೆಬುರುಡೆ, ಅದರ ಕೆಳಗೆ ಬ್ಯಾಂಡಿನ ಹೆಸರು ಇದ್ದರೆ ಸಾಕು, ರಾಕ್ ಮತ್ತು ಅದರ ಅಬ್ಬರದ ಕವಲಾದ ಹೆವಿ ಮೆಟಲ್ ಸಂಗೀತದ ಗುತ್ತಿಗೆ ಹಿಡಿದವರಿಗೆ ನನ್ನನ್ನು ತಡೆದು ನಿಲ್ಲಿಸುವ ಅಧಿಕಾರ ಬಂದುಬಿಡುತ್ತದೆ. ಪಕ್ಕದಲ್ಲೇ ಅಂಥದ್ದೇ ಟಿ-ಶರ್ಟ್ ತೊಟ್ಟು ನಿಂತ ನನ್ನ ತಮ್ಮನನ್ನು ಯಾರೂ ಏನೂ ಕೇಳುವುದಿಲ್ಲ. ಅವನಿಗೆ ನಿಜವಾಗಿಯೂ ಒಂದು ಹಾಡೂ ಗೊತ್ತಿಲ್ಲ. ನನ್ನ ಬೀರುವಿನಿಂದ ಎತ್ತಿ ಹಾಕಿಕೊಂಡು ಬಂದವನು ಅವನು.

ಮೂರು ಹಾಡು ಹೇಳಿದೆನೆಂದೇ ಇಟ್ಟುಕೊಳ್ಳಿ. "ಅವು ಎಲ್ಲರಿಗೂ ಗೊತ್ತಿರುವವೇ" ಎನ್ನುತ್ತಾರೆ. ಅಷ್ಟಾಗಿ ಯಾರೂ ಕೇಳದ್ದನ್ನು ಹೇಳಿದರೆ "ಗೂಗಲ್ ನೋಡಿಕೊಂಡು ಬಂದಿರಾ?" ಎಂಬ ನಗು. ಬ್ಯಾಂಡಿನ ಹೆಸರನ್ನು ನಾನು ಉಚ್ಚರಿಸಿದ ರೀತಿಗೆ ಇನ್ನೊಂದು ನಗು. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಊರು ಯಾವುದು ಎಂದು ಕೇಳುತ್ತಾರೆ. ಬಳ್ಳಾರಿ ಎಂದ ಕೂಡಲೇ, "ಓಹೋ, ಗಣಿ ಊರು! ಅದಕ್ಕೇ ಮೆಟಲ್!" ಈ ಹಾಸ್ಯವನ್ನು ಜಗತ್ತಿನಲ್ಲಿ ತಾವೇ ಮೊದಲು ಮಾಡಿದ್ದು ಎಂದು ಪ್ರತಿಯೊಬ್ಬರೂ ನಂಬಿರುತ್ತಾರೆ. ಸ್ವಾಮಿ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಟಿ-ಶರ್ಟ್ ತೊಟ್ಟು ತಿರುಗುವವಳ ನಿಷ್ಠೆಯನ್ನು ಅನುಮಾನಿಸಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ಮುಂದಿನ ಪ್ರಶ್ನೆಯೂ ಸಿದ್ಧವಾಗಿರುತ್ತದೆ. 2007ರಲ್ಲಿ ಐರನ್ ಮೇಡನ್ ಬ್ಯಾಂಡ್ ಬೆಂಗಳೂರಿಗೆ ಬಂದಾಗ ಇದ್ದಿರಾ? ಹೋಗಲಿ, 2011ರಲ್ಲಿ ಮೆಟಾಲಿಕಾ ಬಂದಾಗ? ಆಟೋ ಹತ್ತಿ ಅರಮನೆ ಮೈದಾನದಲ್ಲಿ ಇಳಿದವರಿಗೆ ಅದೊಂದು ಪದಕವಾಗಿಬಿಟ್ಟಿದೆ. ನನಗಾದರೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಸೀಟು ಸಿಗಬೇಕು, ಕೆಲಸಕ್ಕೆ ರಜೆ ಸಿಗಬೇಕು, ಟಿಕೆಟ್ಟಿಗೆ ದುಡ್ಡು ಕೂಡಬೇಕು, ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಅಪ್ಪ ಹೂಂ ಎನ್ನಬೇಕು. ಸಂಗೀತ ಕಛೇರಿ ತಪ್ಪಿಸಿಕೊಂಡವರಿಗೆ ಸಂಗೀತ ಗೊತ್ತಿಲ್ಲ ಎನ್ನುವುದಾದರೆ ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆಯ ಅರ್ಧ ಅಭಿಮಾನಿಗಳು ರೇಡಿಯೊ ಬಂದ್ ಮಾಡಿ ಮಲಗಬೇಕಿತ್ತು.

ಇವರಿಗೆ ತಾವು ಕೇಳುವ ಸಂಗೀತ ಎಲ್ಲಿಂದ ಬಂತು ಎನ್ನುವುದಾದರೂ ನೆನಪಿದೆಯೇ? ಹೆವಿ ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಕಾರ್ಖಾನೆಗಳ ಊರಿನಲ್ಲಿ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಆತ ಎಡಚ, ತಂತಿ ಒತ್ತುವುದೇ ಆ ಬಲಗೈಯಲ್ಲಿ. ಪ್ಲಾಸ್ಟಿಕ್ ಸೀಸೆ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿ ಕಟ್ಟಿದ, ಮುಂದೆ ಗಿಟಾರಿನ ಶ್ರುತಿಯನ್ನೇ ಇಳಿಸಿದ. 1970ರ ಫೆಬ್ರವರಿಯಲ್ಲಿ ಅವರ ಮೊದಲ ಆಲ್ಬಮ್ ಬಂತು. ಇಂದು ಇವರು ಕಣ್ಣುಮುಚ್ಚಿ ತಲೆದೂಗುವ ಆ ಭಾರದ ನಾದದ ಹಿಂದೆ ಒಬ್ಬ ಕೂಲಿ ಹುಡುಗನ ಜಜ್ಜಿದ ಕೈ ಇದೆ.

ನಾನು ಲೆಕ್ಕ ಬರೆಯುವುದು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ. ಸೂಜಿ ಬೆರಳಿಗೆ ಇಳಿದರೆ ಏನಾಗುತ್ತದೆ ಎಂದು ನಮ್ಮ ಟೈಲರ್‌ಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಹಾದ ಹೊತ್ತಿನಲ್ಲಿ ಅಯೋಮಿಯ ಕಥೆಯನ್ನು ನಮ್ಮ ಹಿರಿಯ ಟೈಲರ್ ಒಬ್ಬರಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಮಾಲೀಕ ಏನಾದರೂ ಪರಿಹಾರ ಕೊಟ್ಟನೇನಮ್ಮಾ?" ಎಂದರು. ಇಷ್ಟು ವರ್ಷಗಳಲ್ಲಿ ಯಾವ ರಾಕ್ ಪಂಡಿತನೂ ನನಗೆ ಈ ಪ್ರಶ್ನೆ ಕೇಳಿಲ್ಲ. ಅಂದ ಹಾಗೆ, ಪಂಡಿತರು ಬಂಡಾಯದ ಗುರುತೆಂದು ತೊಡುವ ಹರಿದ ಜೀನ್ಸ್ ಇದೆಯಲ್ಲ, ಅದರ ಮಂಡಿ ಹರಿಯುವುದೂ ನಮ್ಮಂಥವರ ಘಟಕಗಳಲ್ಲೇ, ಪೀಸಿಗೆ ಇಷ್ಟು ಎಂದು ಕೂಲಿ ಕೊಟ್ಟು.

ಹೆಂಗಸರಿಗೆ ರಾಕ್ ಅರ್ಥವಾಗುವುದಿಲ್ಲ, ಗಾಯಕನ ಕೂದಲು ನೋಡಲು ಬರುತ್ತಾರೆ ಎಂಬುದು ಇನ್ನೊಂದು ಪರಮಸತ್ಯ. ಸಿಸ್ಟರ್ ರೊಸೆಟಾ ಥಾರ್ಪ್ ಎಂಬ ಕಪ್ಪು ಹೆಣ್ಣುಮಗಳು ರಾಕ್ ಅಂಡ್ ರೋಲ್‌ಗೆ ಹೆಸರು ಅಂಟುವ ಮೊದಲೇ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿ ಭಕ್ತಿಗೀತೆ ಹಾಡುತ್ತಿದ್ದಳು. ತೀರಿಕೊಂಡದ್ದು 1973ರಲ್ಲಿ, ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಗೆ ಆಕೆಯ ಹೆಸರು ಸೇರಿದ್ದು 2018ರಲ್ಲಿ. ಚರ್ಮದ ಜಾಕೆಟ್ಟು, ಅದರ ಮೇಲಿನ ಲೋಹದ ಗುಬ್ಬಿಗಳೇ ಗಂಡಸುತನ ಎಂದು ಎದೆ ಉಬ್ಬಿಸುವವರು ಆ ವೇಷವನ್ನು ಮೆಟಲ್ ವೇದಿಕೆಗೆ ತಂದವರಲ್ಲಿ ಮುಖ್ಯನಾದ ಜೂಡಸ್ ಪ್ರೀಸ್ಟ್ ಬ್ಯಾಂಡಿನ ಗಾಯಕ ರಾಬ್ ಹಾಲ್ಫರ್ಡ್ ತಾನು ಸಲಿಂಗಿ ಎಂದು 1998ರಲ್ಲೇ ಬಹಿರಂಗವಾಗಿ ಹೇಳಿದ್ದನ್ನು ಜಾಣತನದಿಂದ ಮರೆಯುತ್ತಾರೆ.

ನಮ್ಮ ಓಣಿಯವರ ಕಥೆ ಬೇರೆ. ಈ ಸದ್ದು ಕೇಳುವವರು ಗಾಂಜಾ ಸೇದುತ್ತಾರೆ, ದೆವ್ವ ಪೂಜಿಸುತ್ತಾರೆ ಎಂದು ಅವರ ನಂಬಿಕೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿಲ್ಲ, ಕೇಳುವುದೂ ಇಲ್ಲ, ಹಬ್ಬಕ್ಕೆ ಹೋಳಿಗೆ ಮಾತ್ರ ತಪ್ಪದೆ ಕಳಿಸುತ್ತಾರೆ.

ಸಿಟ್ಟು ಇರುವುದು ನಮ್ಮವರೇ ಎಂದುಕೊಂಡಿದ್ದವರ ಮೇಲೆ. ಬಳ್ಳಾರಿ, ಹೊಸಪೇಟೆ, ರಾಯಚೂರಿನ ಕೆಲವರು ಸೇರಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೆವು. ಈ ಭಾಗದಲ್ಲಿ ಇದನ್ನು ಕೇಳುವವರು ಬೆರಳೆಣಿಕೆಯಷ್ಟು, ಒಬ್ಬರಿಗೊಬ್ಬರು ಆಸರೆಯಾಗೋಣ ಎಂದು. ಆರು ತಿಂಗಳು ತುಂಬುವ ಮೊದಲೇ ಅಲ್ಲೂ ಮಡಿ ಮೈಲಿಗೆ ಶುರುವಾಯಿತು. ಎಪ್ಪತ್ತರ ದಶಕದ ನಂತರದ್ದೆಲ್ಲ ಕಸ ಎನ್ನುವವರು ಒಂದು ಕಡೆ. ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಹೊಂದಿಸಿ ರಘು ದೀಕ್ಷಿತ್ ಹಾಡಿದರೆ ಅದು ರಾಕ್ ಅಲ್ಲ, ಕನ್ನಡದಲ್ಲಿ ರಾಕ್ ಕೂಡುವುದೇ ಇಲ್ಲ ಎಂದು ಕನ್ನಡದಲ್ಲೇ ಟೈಪ್ ಮಾಡುವವರು ಇನ್ನೊಂದು ಕಡೆ.

ಹೋದ ತಿಂಗಳು ರಾಯಚೂರಿನ ಪಿಯುಸಿ ಹುಡುಗನೊಬ್ಬ ಹೊಸದಾಗಿ ಸೇರಿದ. ಮೆಟಾಲಿಕಾದ 1991ರ ಕಪ್ಪು ಹೊದಿಕೆಯ ಆಲ್ಬಮ್ ತುಂಬಾ ಹಿಡಿಸಿತು, ಮುಂದೆ ಏನು ಕೇಳಬಹುದು ಅಣ್ಣಾ ಎಂದು ಬರೆದ. ಎಷ್ಟು ನಗುವ ಚಿತ್ರಗಳು! ಅದು ದುಡ್ಡಿಗೆ ಮಾರಿಕೊಂಡ ಆಲ್ಬಮ್, ನಿಜವಾದ ಅಭಿಮಾನಿಗಳು ಅಲ್ಲಿಗೇ ಆ ಬ್ಯಾಂಡಿಗೆ ಎಳ್ಳುನೀರು ಬಿಟ್ಟರು, ನೀನು ಸಿನಿಮಾ ಹಾಡು ಕೇಳಿಕೊಂಡಿರು ಎಂಬ ಉಪದೇಶ. ಬರೆದವರಲ್ಲಿ ಮೂವರು ಈ ಸಂಗೀತಕ್ಕೆ ಬಂದದ್ದೇ ಆ ಆಲ್ಬಮಿನ ಮೂಲಕ ಎಂದು ನನಗೆ ಗೊತ್ತು, ಅವರೇ ಹೇಳಿಕೊಂಡಿದ್ದರು. ಹುಡುಗ ರಾತ್ರಿಯೇ ಗುಂಪು ಬಿಟ್ಟ.

ಮರುದಿನ ನಾನೂ ಬಿಟ್ಟೆ. ಬಿಡುವ ಮುನ್ನ ಬರೆದದ್ದನ್ನು ಇಲ್ಲಿ ಹಾಕುವಂತಿಲ್ಲ. ಹುಡುಗನಿಗೆ ಹಾಡುಗಳ ಉದ್ದನೆಯ ಪಟ್ಟಿ ಕಳಿಸಿದ್ದೇನೆ, ಮೊದಲ ಐದೂ ಆ ಕಪ್ಪು ಆಲ್ಬಮಿನವೇ.